ವಕೀಲರು ಫೈಲ್ ಕೊಡಲ್ಲ ಅಂದ್ರೆ?

ಪ್ರಶ್ನೆ: ನಮಸ್ಕಾರ ಸಾಹೇಬ್ರ. ಪುಣೆ ಹಡಪಸರದಾಗ ಇರ್ತೀವಿ, ಮೂಲ ಬಾಗಲಕೋಟಿ ಕಡೆಯವ್ರು. ಬಾಜೂ ಮನಿಯವ್ರ ಜೋಡಿ ಜಾಗಾದ ದಾವೆ ಶಿವಾಜಿನಗರ ಕೋರ್ಟಿನಾಗ ಆರು ವರ್ಷದಿಂದ ನಡದೈತಿ, ಹಾಕಿದವ್ರು ನಾವೇ. ನಮ್ಮ ವಕೀಲ್ರು ಫೋನ್ ಎತ್ತಂಗಿಲ್ಲ, ಎತ್ತಿದ್ರ "ತಾರೀಖ ಮುಂದ ಹೋಗೈತಿ" ಅಂತಾರ. ಬ್ಯಾರೆ ವಕೀಲ್ರನ್ನ ಇಡ್ತೀನಿ ಫೈಲ್ ಕೊಡ್ರಿ ಅಂದ್ರ 40 ಸಾವಿರ ಬಾಕಿ ಐತಿ, ಅದನ್ನ ಕೊಟ್ಟು ಒಯ್ರಿ ಅಂದ್ರು, ಮ್ಯಾಲೆ ಗೆದ್ರ ಜಾಗಾದ ಬೆಲೆಯಾಗ 10 ಪರ್ಸೆಂಟ್ ಕೊಡೋ ಮಾತಾಗಿತ್ತಲ್ಲ ಅಂತಾರ. ಗ್ರಾಹಕರ ಕೋರ್ಟಿಗೆ ಹೋಗ್ಲೇನ್ರಿ?

ಉತ್ತರ: ಫೈಲು ಫೀಸು ಎಲ್ಲಾ ಆಮೇಲೆ ರೀ, ಮೊದ್ಲು ಕೇಸ್ ಇನ್ನೂ ಉಳಿದಿದೆಯಾ ನೋಡ್ಕೊಳ್ಳಿ. ಫೋನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕ್ಕೊಂಡು 16 ಅಕ್ಷರದ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರೋ ಗುರುತಿನ ನಂಬರ್) ಹೊಡೀರಿ, ಅದು ಗೊತ್ತಿಲ್ದಿದ್ರೆ ಹೆಸ್ರು, ವರ್ಷ ಹಾಕಿ ಹುಡುಕಿದ್ರೂ ಸಿಗುತ್ತೆ. ಯಾಕೆ ಹೇಳ್ತಿದೀನಿ ಅಂದ್ರೆ ದಾವೆ ಹಾಕಿದವ್ರ ಕಡೆಯಿಂದ ಯಾರೂ ನಿಲ್ಲದಿದ್ರೆ ಗೈರುಹಾಜರಿ ಅಂತ ಕೇಸ್ ವಜಾ ಆಗಿರಬಹುದು, ಹಾಗಾಗಿದ್ರೆ ಮತ್ತೆ ತೆರೆಸೋಕೆ ವಜಾ ಆದ ದಿನದಿಂದ 30 ದಿನ ಅಷ್ಟೇ, ದಾಟಿದ್ರೆ ತಡ ಯಾಕಾಯ್ತು ಅಂತ ಇನ್ನೊಂದು ಅರ್ಜಿ ಹಾಕ್ಬೇಕು.

ಫೈಲ್ ವಿಷ್ಯಕ್ಕೆ ಬಂದ್ರೆ, ಫೀಸು ಬಾಕಿ ಇದೆ ಅಂತ ಕಕ್ಷಿದಾರರ ಕಾಗದ ಹಿಡಿದಿಟ್ಕೊಳ್ಳೋ ಹಕ್ಕು ವಕೀಲರಿಗಿಲ್ಲ. 2000ದಲ್ಲಿ ಆರ್.ಡಿ. ಸಕ್ಸೇನಾ ಅನ್ನೋರ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳಿಬಿಟ್ಟಿದೆ. ಅಲ್ಲೂ ಇದೇ ಕಥೆ, ಒಂದು ಸಹಕಾರಿ ಬ್ಯಾಂಕಿನ ವಕೀಲರು ದುಡ್ಡು ಬರೋವರೆಗೂ ಫೈಲ್ ಬಿಡಲ್ಲ ಅಂತ ಕೂತಿದ್ರು, ಕೇಸಿನ ಕಾಗದ ಮಾರೋ ಸರಕಲ್ಲ, ಫೀಸು ವಸೂಲಿಗೆ ಬೇರೆ ದಾರಿ ಇದೆ, ಫೈಲ್ ಕೊಡದೇ ಇರೋದು ವೃತ್ತಿ ದುರ್ನಡತೆ ಅಂತ ತೀರ್ಪಾಯ್ತು. ಹಾಗಂತ ಬಾಕಿ ನಿಜವಾಗ್ಲೂ ಇದ್ರೆ ಕೊಟ್ಬಿಡಿ. ನಮ್ಮ ಜನ ತೀರ್ಪು ಬರೋವರೆಗೂ ವಕೀಲರಿಗೆ ಚಹಾ ಕುಡಿಸ್ತಾರೆ, ಫೀಸು ಅಂದ್ಕೂಡ್ಲೇ "ಊರಿಗೆ ಬಂದೀನ್ರಿ" ಅಂತಾರೆ, ಅದನ್ನೂ ನೋಡಿದೀನಿ.

10 ಪರ್ಸೆಂಟ್ ಮಾತು ಮರ್ತುಬಿಡಿ. ಗೆದ್ದದ್ರಲ್ಲಿ ಪಾಲು ಅಂತ ಫೀಸು ಮಾತಾಡೋದೇ ವಕೀಲರ ನಡತೆ ನೋಡ್ಕೊಳ್ಳೋ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ.

ಈಗ ಮಾಡೋದಿಷ್ಟು. ಫೈಲ್ ವಾಪಸ್ ಕೇಳಿ ಒಂದು ಲೆಟರ್ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳ್ಸಿ, ರಸೀದಿ ಎತ್ತಿಡಿ, ವಾಟ್ಸಾಪ್ ಮಾತ್ರ ನಂಬ್ಕೋಬೇಡಿ. ಹೊಸ ವಕೀಲರು ಹಳಬ್ರ ಹತ್ರ ಎನ್‌ಒಸಿ, ಅಂದ್ರೆ ನಮ್ದೇನೂ ಅಡ್ಡಿ ಇಲ್ಲ ಅನ್ನೋ ಪತ್ರ ಕೇಳ್ತಾರೆ, ಅದು ಸಿಗದಿದ್ರೂ ಗಾಬರಿ ಬೇಡ, ಹಳೇ ವಕಾಲತ್ತು ರದ್ದು ಮಾಡ್ಬೇಕು ಅಂತ ನೀವೇ ಸಹಿ ಮಾಡಿ ಅರ್ಜಿ ಕೊಟ್ರೆ ಕೋರ್ಟು ಅನುಮತಿ ಕೊಡಬಹುದು. ಅಷ್ಟ್ರಲ್ಲಿ ದಾವೆ ಅರ್ಜಿ, ಎದುರಿನವ್ರ ಜವಾಬು, ರೋಜನಾಮಾ (ಪ್ರತಿ ತಾರೀಖಿಗೆ ಕೋರ್ಟ್ ಬರೆದಿಡೋ ದಾಖಲೆ) ಎಲ್ಲದಕ್ಕೂ ಕೋರ್ಟಲ್ಲೇ ಸರ್ಟಿಫೈಡ್ ಕಾಪಿಗೆ ಹಾಕಿ, ಅದ್ರಲ್ಲೂ ರೋಜನಾಮಾ ಬಿಡ್ಲೇಬೇಡಿ, ಯಾವ ತಾರೀಖಿಗೆ ಯಾರು ಬಂದ್ರು ಯಾರು ಬರ್ಲಿಲ್ಲ ಎಲ್ಲಾ ಅದ್ರಲ್ಲೇ ಇರುತ್ತೆ.

ಗ್ರಾಹಕರ ಕೋರ್ಟ್ ದಾರಿ ಇಲ್ಲ, ವಕೀಲರ ಸೇವೆ ಆ ಕಾಯ್ದೆ ಕೆಳಗೆ ಬರಲ್ಲ ಅಂತ 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರು ಕೊಡೋದಾದ್ರೆ ಬಾರ್ ಕೌನ್ಸಿಲ್ ಆಫ್ ಮಹಾರಾಷ್ಟ್ರ ಆ್ಯಂಡ್ ಗೋವಾಕ್ಕೆ, ಅಡ್ವೊಕೇಟ್ಸ್ ಆ್ಯಕ್ಟ್ 35ನೇ ಸೆಕ್ಷನ್ ಪ್ರಕಾರ. ನನ್ನ ಕೇಳಿದ್ರೆ ಅದನ್ನ ಕೊನೆಗಿಟ್ಕೊಳ್ಳಿ, ವಕೀಲರ ಮೇಲಿನ ಸಿಟ್ಟಲ್ಲಿ ಜಾಗದ ಕೇಸು ಹಿಂದೆ ಬೀಳಬಾರದು.

ಪ್ರಶ್ನೆ: ಡೊಂಬಿವಿಲಿಯಿಂದ ಬರೀತಿದೀನಿ ಸರ್. ಗಂಡನಿಂದ ಮೇಂಟೆನೆನ್ಸ್ ಕೇಳ್ಬೇಕು, ನಂಗೂ ಸಣ್ಣ ಕೆಲ್ಸ ಇದೆ. ಸರ್ಕಾರಿ ವಕೀಲರು ಫ್ರೀಯಾಗಿ ಸಿಗ್ತಾರಾ?

ಉತ್ತರ: ಸಿಗ್ತಾರಮ್ಮ. ಹೆಣ್ಮಕ್ಕಳಿಗೆ ಸಂಬಳ ಎಷ್ಟು ಅಂತ ಯಾರೂ ನೋಡಲ್ಲ, 1987ರ ಕಾನೂನು ಸೇವಾ ಕಾಯ್ದೆಯಲ್ಲೇ ಇದೆ. ಕಲ್ಯಾಣ ಕೋರ್ಟಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ, ಇಲ್ಲಾ 15100ಕ್ಕೆ ಫೋನ್ ಮಾಡಿ. ಮದುವೆ ಸರ್ಟಿಫಿಕೇಟು, ಗಂಡನ ಸಂಬಳದ ಬಗ್ಗೆ ಏನೇ ಕಾಗದ ಇದ್ರೂ ಜೊತೆಗೆ ಒಯ್ಯಿರಿ.