ತೀರ್ಪು ಬಂತು, ವಿಚಾರಣೆ ಎಲ್ಲಿ?

ನಮಸ್ಕಾರ,

‘ಸಿ ಪ್ಲಸ್ ಪ್ಲಸ್, ಜಾವಾ, ಸಿ ಶಾರ್ಪ್: ಯಾವುದು ಮೇಲು?’ ಅಂತ ಮೂರು ಪ್ರೋಗ್ರಾಮಿಂಗ್ ಭಾಷೆಗಳನ್ನು ಹೋಲಿಸುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಮೊದಲ ಪ್ಯಾರಾದಲ್ಲೇ ಜಾವಾ ಗೆದ್ದುಬಿಟ್ಟಿದೆ. ಉಳಿದ ನಾಲ್ಕು ಪುಟ ಅದಕ್ಕೆ ಹಾರ ಹಾಕುವುದರಲ್ಲೇ ಮುಗಿಯುತ್ತದೆ. ‘ಸುರಕ್ಷಿತ’ ಅನ್ನೋ ಪದ 11 ಸಲ ಬಂದಿದೆ, ಎಣಿಸಿದೆ. ಯಾವುದರಿಂದ ಸುರಕ್ಷಿತ ಅಂತ ಒಂದು ಸಲವೂ ಹೇಳಿಲ್ಲ.

ಮೂರನೇ ಪುಟದಲ್ಲಿ ಒಳ್ಳೆ ಉದಾಹರಣೆ ಕೈಗೆ ಸಿಕ್ಕಿತ್ತು, ಬಿಟ್ಟುಬಿಟ್ಟಿರಿ. ‘ಖಾತೆ’ ಅನ್ನೋ ಕ್ಲಾಸ್ (ಮಾಹಿತಿ, ಅದರ ಮೇಲಿನ ಕೆಲಸ ಎರಡನ್ನೂ ಒಟ್ಟಿಗಿಡುವ ಅಚ್ಚು), ಅದರಲ್ಲಿರುವುದನ್ನು ಪಡೆದು ಬಂದ ‘ಉಳಿತಾಯ ಖಾತೆ’, ಎರಡರಲ್ಲೂ ಬಡ್ಡಿ ಲೆಕ್ಕದ ಮೆಥಡ್ (ಕ್ಲಾಸಿನೊಳಗೆ ಒಂದು ಕೆಲಸ ಮಾಡುವ ಕೋಡ್). ಉಳಿತಾಯ ಖಾತೆಗೆ ಅದರದ್ದೇ ಮೆಥಡ್ ಓಡಬೇಕು. ಈಗ ಉಳಿತಾಯ ಖಾತೆಯಲ್ಲಿ ಆ ಮೆಥಡ್ ಹೆಸರಿನ ಸ್ಪೆಲ್ಲಿಂಗ್ ಒಂದಕ್ಷರ ತಪ್ಪಿತು ಅಂದುಕೊಳ್ಳಿ. ಜಾವಾ ಅದನ್ನು ಹೊಸ ಮೆಥಡ್ ಅಂತ ಸುಮ್ನೆ ಒಪ್ಪಿಕೊಳ್ಳುತ್ತದೆ. ಎರರ್ ಇಲ್ಲ, ಏನಿಲ್ಲ. ಬಡ್ಡಿ ಮಾತ್ರ ಮೇಲಿನ ಕ್ಲಾಸಿನ ಸೂತ್ರದಲ್ಲೇ ಬರುತ್ತಿರುತ್ತದೆ! ಸಿ ಪ್ಲಸ್ ಪ್ಲಸ್‌ನಲ್ಲೂ ಇದೇ ಕತೆ. ಇದನ್ನು ಹಿಡಿಯಲೆಂದೇ ಜಾವಾಗೆ 2004ರಲ್ಲಿ, ಸಿ ಪ್ಲಸ್ ಪ್ಲಸ್‌ಗೆ 2011ರ ಸ್ಟ್ಯಾಂಡರ್ಡ್‌ನಲ್ಲಿ ‘ಓವರ್‌ರೈಡ್’ ಗುರುತು ಬಂತು. ‘ಮೇಲಿನ ಕ್ಲಾಸಿನ ಮೆಥಡ್ ಬದಲಿಗೆ ಇದು’ ಅಂತ ಅದರ ಅರ್ಥ. ಆದರೆ ಹಾಕಲೇಬೇಕು ಅಂತಿಲ್ಲ. ಸಿ ಶಾರ್ಪ್‌ನಲ್ಲಿ ಶುರುವಿನಿಂದಲೂ ಆ ಪದ ಬರೆಯದೆ ಮೇಲಿನ ಕ್ಲಾಸಿನ ಮೆಥಡ್ಡನ್ನು ಓವರ್‌ರೈಡ್ ಮಾಡಲು ಆಗುವುದಿಲ್ಲ. ಬರೆದು ಹೆಸರು ತಪ್ಪಿಸಿದಿರೋ, ಕಂಪೈಲರ್ (ನಾವು ಬರೆದ ಕೋಡನ್ನು ಪರೀಕ್ಷಿಸಿ ಓಡುವ ರೂಪಕ್ಕೆ ತರುವ ಪ್ರೋಗ್ರಾಂ) ಅಲ್ಲೇ ತಡೆಯುತ್ತದೆ. ಸುರಕ್ಷಿತ ಅಂದರೆ ಇದು ಅಲ್ವಾ? ಈ ಸುತ್ತಿನಲ್ಲಿ ನಿಮ್ಮ ಜಾವಾ ಸೋಲುತ್ತದೆ. ಸೋಲಲಿ ಬಿಡಿ.

ಇತಿಹಾಸದ ಪ್ಯಾರಾ ತಿದ್ದಿ. ಮೊದಲ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆ, ಅಂದರೆ ಇಂಥ ಕ್ಲಾಸ್‌ಗಳಿಂದ ಪ್ರೋಗ್ರಾಂ ಕಟ್ಟುವ ಭಾಷೆ, ಸಿ ಪ್ಲಸ್ ಪ್ಲಸ್ ಅಲ್ಲ. ನಾರ್ವೆಯ ‘ಸಿಮ್ಯುಲಾ 67’ ಭಾಷೆಯಲ್ಲೇ ಕ್ಲಾಸ್, ಇನ್ಹೆರಿಟೆನ್ಸ್ (ಒಂದು ಕ್ಲಾಸಿನಿಂದ ಇನ್ನೊಂದು ಬರುವುದು) ಎರಡೂ ಇದ್ದವು.

ವೇಗದ ಕೋಷ್ಟಕವನ್ನಂತೂ ತೆಗೆದೇಬಿಡಿ. ಒಂದು ಚಿಕ್ಕ ಲೂಪನ್ನು (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಕೋಡ್) ಒಂದೇ ಸಲ ಓಡಿಸಿ ಟೈಮ್ ಬರೆದುಕೊಂಡಿದ್ದೀರಿ. ಜಾವಾದಲ್ಲಿ ಸಾಮಾನ್ಯವಾಗಿ ಕೋಡ್ ಮೊದಲು, ಸೂಚನೆಗಳನ್ನು ಒಂದೊಂದಾಗಿ ಓದಿ ನಿಧಾನವಾಗಿ ನಡೆಸುವ ಇಂಟರ್‌ಪ್ರಿಟರ್‌ನಲ್ಲಿ ಓಡುತ್ತದೆ. ಜಾಸ್ತಿ ಸಲ ಓಡುವ ಭಾಗ ಆಮೇಲೆ ಕಂಪ್ಯೂಟರ್ ನೇರವಾಗಿ, ವೇಗವಾಗಿ ಓಡಿಸುವ ಮಷಿನ್ ಕೋಡ್ ಆಗುತ್ತದೆ. ಅಷ್ಟರೊಳಗೆ ನಿಮ್ಮ ಪರೀಕ್ಷೆಯೇ ಮುಗಿದಿತ್ತು. ತಮಾಷೆ ನೋಡಿ, ಅನ್ಯಾಯ ಆಗಿದ್ದು ನಿಮ್ಮ ಮೆಚ್ಚಿನ ಭಾಷೆಗೇ.

ಮತ್ತೆ ಬರೆದು ಕಳಿಸಿ. ಖಾತೆಯ ಉದಾಹರಣೆ ಒಂದನ್ನೇ ಹಿಡಿಯಿರಿ. ಮೂರೂ ಭಾಷೆಗಳಲ್ಲಿ ಅದೇ ತಪ್ಪು ಮಾಡಿ, ಕಂಪೈಲರ್ ಏನಂದಿತು ಅಂತ ಹಾಗೇ ಇಳಿಸಿ. ಎರಡು ಪುಟ ಸಾಕು. ತಲೆಬರಹದ ಪ್ರಶ್ನೆಗೆ ಉತ್ತರ ಕೊಡದಿದ್ದರೂ ನಡೆಯುತ್ತದೆ.

— ಸಂಪಾದಕ