ಟವರಿನ ಬಿಳಿ ಅಣಬೆಗೆ ಆಕಾಶ ಏಕೆ ಕಾಣಬೇಕು?

ಪ್ರಶ್ನೆ: ನಮ್ಮ ತಾರಸಿಯನ್ನು ಮೊಬೈಲ್ ಟವರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಮಳೆಗೆ ಸೋರುತ್ತದೆಂದು ತಗಡಿನ ಮಾಡು ಹಾಕಿಸಲು ಹೊರಟರೆ ಟವರ್ ನೋಡಿಕೊಳ್ಳುವವರು ತಡೆದರು. ಮೂಲೆಯ ಕಂಬದ ಮೇಲೆ ಅಣಬೆಯಂಥ ಬಿಳಿ ಆಂಟೆನಾ ಇದೆ; ಅದನ್ನು ಮುಚ್ಚಬಾರದಂತೆ, ಅದು ಗಡಿಯಾರಕ್ಕೆ ಬೇಕಂತೆ. ಟವರಿಗೆ ಗಡಿಯಾರವೇಕೆ? ಆ ಅಣಬೆಯಿಂದ ವಿಕಿರಣ ಬರುತ್ತದೆಯೇ?

ಉತ್ತರ: ವಿಕಿರಣದ ಭಯ ಬೇಡ. ಅದು ಜಿಪಿಎಸ್ ಆಂಟೆನಾ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳು ಕಳುಹಿಸುವ ಸಂಕೇತವನ್ನು ಅದು ಆಲಿಸುತ್ತದೆ, ಅಷ್ಟೇ. ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ.

ಟವರಿಗೆ ಗಡಿಯಾರ ಬೇಕಾಗಿರುವುದು ಗಂಟೆ ಎಷ್ಟೆಂದು ತಿಳಿಯಲಿಕ್ಕಲ್ಲ, ಸರದಿ ತಪ್ಪದಿರಲಿಕ್ಕೆ. 2ಜಿಯಲ್ಲಿ ಟವರ್ ಮಾತನಾಡುವ ತರಂಗಾಂತರ ಬೇರೆ, ಮೊಬೈಲಿನದು ಬೇರೆ. ಆದ್ದರಿಂದ ಆ ಟವರುಗಳಿಗೆ ಅಣಬೆ ಅನಿವಾರ್ಯವಾಗಿರಲಿಲ್ಲ (ಸಿಡಿಎಂಎ ಎಂಬ ಬೇರೊಂದು ತಂತ್ರದ ಟವರುಗಳಿಗೆ ಮಾತ್ರ ಆಗಲೂ ಬೇಕಿತ್ತು). 2022ರಲ್ಲಿ 5ಜಿಗಾಗಿ ಹರಾಜಾದ 3.3 ಗಿಗಾಹರ್ಟ್ಸ್ ತರಂಗಾಂತರ ಪಟ್ಟಿಯಲ್ಲಿ ಹಾಗಿಲ್ಲ. ಅಲ್ಲಿ ಎರಡೂ ಕಡೆಯವರಿಗೆ ಒಂದೇ ತರಂಗಾಂತರ. ಒಮ್ಮೆ ಟವರ್, ಒಮ್ಮೆ ಮೊಬೈಲ್, ಹೀಗೆ ಸೆಕೆಂಡಿಗೆ ನೂರಾರು ಬಾರಿ ಸರದಿ ಬದಲಾಗುತ್ತದೆ. ನಿಮ್ಮ ಟವರಿನ ಗಡಿಯಾರ ತುಸು ಹಿಂದೆ ಬಿದ್ದಿತೆನ್ನಿ. ಪಕ್ಕದ ಬೀದಿಯ ಟವರ್ ಮೊಬೈಲುಗಳ ಮಾತಿಗೆ ಕಿವಿಗೊಡುವ ಹೊತ್ತಿನಲ್ಲಿ ನಿಮ್ಮದು ಇನ್ನೂ ಮಾತನಾಡುತ್ತಲೇ ಇರುತ್ತದೆ. ಟವರಿನ ಶಕ್ತಿ ಹತ್ತಾರು ವಾಟ್, ಮೊಬೈಲಿನದು ಸಾಮಾನ್ಯವಾಗಿ 0.2 ವಾಟ್. ವಾಲಗದವರ ಪಕ್ಕದಲ್ಲಿ ಕುಳಿತು ಪಿಸುಮಾತು ಕೇಳಿಸಿಕೊಳ್ಳುವ ಪಾಡು ಆ ಪಕ್ಕದ ಟವರಿನದು.

ಹಾಗಾಗಿ ಯಾವ ಟವರಿನ ಗಡಿಯಾರವೂ ನಿಗದಿತ ಕಾಲದಿಂದ 1.5 ಮೈಕ್ರೋಸೆಕೆಂಡಿಗಿಂತ ಹೆಚ್ಚು ಅತ್ತಿತ್ತ ಆಗಬಾರದು. ಒಂದು ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. ಅಷ್ಟರಲ್ಲಿ ಬೆಳಕು ಸಾಗುವುದು ಬರೀ 300 ಮೀಟರ್. ತಿಂಗಳಿಗೆ 15 ಸೆಕೆಂಡು ತಪ್ಪುವ ಕೈಗಡಿಯಾರವನ್ನು ನಾವು ಒಳ್ಳೆಯದೆನ್ನುತ್ತೇವೆ. ಅದನ್ನು ಟವರಿಗೆ ಕಟ್ಟಿದರೆ ಕಾಲು ಸೆಕೆಂಡಿನಲ್ಲೇ ಈ ಮಿತಿ ದಾಟುತ್ತದೆ! ಟವರಿನಲ್ಲಿರುವುದು ಒಂದೇ ಉಷ್ಣತೆಯಲ್ಲಿ ಕಾಪಾಡಿದ, ಕಂಪಿಸುತ್ತ ಕಾಲ ಅಳೆಯುವ ಉತ್ತಮ ಸ್ಫಟಿಕ. ಆದರೂ ಉಪಗ್ರಹದ ಪರಮಾಣು ಗಡಿಯಾರವನ್ನು ನೋಡಿ ಅದನ್ನು ತಿದ್ದುತ್ತಲೇ ಇರಬೇಕು. ಆಕಾಶ ಮರೆಯಾದರೆ ಅದು ಕೆಲವು ಗಂಟೆ ತಾನೇ ನಿಭಾಯಿಸೀತು. ಆಮೇಲೆ ನೆರೆಯವರಿಗೆ ತೊಂದರೆಯಾಗದಂತೆ ಟವರ್ ಪ್ರಸಾರ ನಿಲ್ಲಿಸುವುದೇ ಸರಿ.

ಆಪ್ಟಿಕಲ್ ಫೈಬರ್ ಮೂಲಕವೂ ಕಾಲ ತಿಳಿಸಬಹುದು. ಟವರ್ ಮತ್ತು ಮೂಲ ಗಡಿಯಾರ ಪರಸ್ಪರ ಸಂದೇಶ ಕಳುಹಿಸಿ, ಹೊರಟ ಮತ್ತು ತಲುಪಿದ ಕ್ಷಣಗಳನ್ನು ಗುರುತಿಸಿಕೊಂಡು ದಾರಿಯ ವಿಳಂಬವನ್ನು ಲೆಕ್ಕ ಹಾಕುತ್ತವೆ. ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಸಮಯ ಹಿಡಿಯುತ್ತದೆಂಬ ನಂಬಿಕೆಯ ಮೇಲೆ ನಿಂತ ಲೆಕ್ಕ ಅದು. ಒಂದು ದಾರಿಯ ಎಳೆ ಇನ್ನೊಂದಕ್ಕಿಂತ 400 ಮೀಟರ್ ಹೆಚ್ಚು ಉದ್ದವಾಗಿದ್ದರೆ ಎರಡರ ನಡುವೆ ಎರಡು ಮೈಕ್ರೋಸೆಕೆಂಡ್ ವ್ಯತ್ಯಾಸ ಬಂದು, ಅದರ ಅರ್ಧ, ಅಂದರೆ ಒಂದು ಮೈಕ್ರೋಸೆಕೆಂಡ್, ಗಡಿಯಾರದ ತಪ್ಪಾಗಿ ಉಳಿಯುತ್ತದೆ.

ನನ್ನ ಮಟ್ಟಿಗೆ ಅಣಬೆ, ಫೈಬರ್ ಎರಡೂ ಇರಲೇಬೇಕು. 2016ರ ಜನವರಿ 26ರಂದು ಹಳೆಯ ಜಿಪಿಎಸ್ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ ತಪ್ಪು ಮಾಹಿತಿ ಪ್ರಸಾರವಾಗಿ, ಹಲವು ರಿಸೀವರುಗಳ ಕಾಲ ಸುಮಾರು 13 ಮೈಕ್ರೋಸೆಕೆಂಡ್ ತಪ್ಪಿತು. ಜಿಪಿಎಸ್‌ನಂಥ ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್‌ನ ಕಾಲವನ್ನು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಕಾಯುತ್ತಾರೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಎಂಬ ನಾವಿಕ್ ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಪರಮಾಣು ಗಡಿಯಾರವಿದೆ. ಟವರುಗಳು ಅದನ್ನೂ ಆಲಿಸುವಂತಾಗಲಿ ಎಂಬುದು ನನ್ನ ಬಲವಾದ ಆಸೆ.

ಈಗ ನಿಮ್ಮ ಮಾಡಿನ ವಿಷಯ. ಖಂಡಿತ ಹಾಕಿಸಿ, ಆದರೆ ಅಣಬೆಯನ್ನು ನೀವೇ ಕೀಳಬೇಡಿ. ಮಾಡಿಗಿಂತ ಎತ್ತರಕ್ಕೆ ಸರಿಸಿಕೊಡುವಂತೆ ಕಂಪನಿಗೆ ಲಿಖಿತವಾಗಿ ಕೇಳಿ. ಜೊತೆಗೆ ಅಣಬೆಯಿಂದ ಬರುವ ಕೇಬಲ್ ಉದ್ದವನ್ನು ಹೊಸದಾಗಿ ದಾಖಲಿಸಲು ಹೇಳಿ. 50 ಮೀಟರ್ ಕೇಬಲಿನಲ್ಲಿ ಸಂಕೇತ ಸುಮಾರು 0.2 ಮೈಕ್ರೋಸೆಕೆಂಡ್ ತಡವಾಗುತ್ತದೆ. ಹಳೆಯ ಅಂಕಿಯನ್ನೇ ಬಿಟ್ಟರೆ ಉದ್ದದಲ್ಲಾದ ವ್ಯತ್ಯಾಸಕ್ಕೆ ತಕ್ಕಷ್ಟು ಗಡಿಯಾರ ತಪ್ಪಾಗಿಯೇ ನಡೆಯುತ್ತದೆ.