ಓದಿದ್ದು ಬಹಳ, ಬರೆದದ್ದು ನಲವತ್ತು ಪುಟ

ಪ್ರಶ್ನೆ: ನನಗೀಗ 54 ವರ್ಷ. ಅಕ್ಷರ ಕೂಡಿಸಿ ಓದಲು ಕಲಿತಂದಿನಿಂದ ಒಂದೆರಡು ಪುಟವಾದರೂ ಓದದೆ ಮಲಗಿದ ದಿನ ಅಪರೂಪ. ಇಷ್ಟೆಲ್ಲ ಓದಿದ ಮೇಲೆ ನಾನೂ ಒಂದು ಕಾದಂಬರಿ ಬರೆಯಬೇಕೆಂಬ ಆಸೆ ಹುಟ್ಟಿ, ಅಕ್ಕತಂಗಿಯರಿಬ್ಬರ ಮೂವತ್ತು ವರ್ಷಗಳ ಮುನಿಸನ್ನು ವಸ್ತುವಾಗಿಟ್ಟುಕೊಂಡು ಬರೆಯಲು ಕುಳಿತೆ. ಮುನ್ನೂರು ಪುಟವಾದರೂ ಆದೀತೆಂದುಕೊಂಡಿದ್ದ ಕಥೆ ನಲವತ್ತನೆಯ ಪುಟಕ್ಕೇ ಮುಗಿದುಹೋಯಿತು. ಸಾಲದ್ದಕ್ಕೆ, ಬರೆದದ್ದನ್ನು ಓದಿ ನೋಡಿದರೆ ಒಂದೊಂದು ವಾಕ್ಯವೂ ಎಲ್ಲೋ ಓದಿದ್ದೇ ಅನ್ನಿಸುತ್ತದೆ. ನನ್ನ ಓದು ನನಗೆ ನೆರವಾಗುತ್ತಿದೆಯೋ ಅಡ್ಡ ಬರುತ್ತಿದೆಯೋ ತಿಳಿಯದಾಗಿದೆ.

ಉತ್ತರ: ನಲವತ್ತನೆಯ ಪುಟಕ್ಕೆ ಕಥೆ ಮುಗಿದುಹೋಗುವ ಕಷ್ಟ ಹೆಚ್ಚಾಗಿ ಕಾಡುವುದು ಬಹಳ ಓದಿದವರನ್ನೇ. ನನ್ನ ಮೊದಲ ಪ್ರಯತ್ನವೂ ಹೀಗೆಯೇ ನಿಂತಿತ್ತು. ಕಾರಣ ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಓದಿ ಮುಗಿಸಿದ ಕಾದಂಬರಿ ನಮ್ಮ ನೆನಪಿನಲ್ಲಿ ಉಳಿಯುವುದು ಸಾರಾಂಶವಾಗಿ. ‘ಅಣ್ಣ ಮನೆ ಬಿಟ್ಟು ಹೋದ, ತಾಯಿ ಕಾದಳು, ಅವನು ಮರಳುವ ಹೊತ್ತಿಗೆ ತಡವಾಗಿತ್ತು’ ಎಂದು ಐನೂರು ಪುಟದ ಕೃತಿಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಓದುವಾಗ ಕಣ್ಣಲ್ಲಿ ನೀರು ತರಿಸಿದ ವಾಕ್ಯಗಳು, ಅವು ಬಂದ ಕ್ರಮ, ಲೇಖಕರು ಎಲ್ಲಿ ನಿಧಾನಿಸಿದರು, ಎಲ್ಲಿ ಓಡಿದರು ಎಂಬುದೆಲ್ಲ ಅಳಿಸಿಹೋಗಿರುತ್ತದೆ. ಹಾಗಾಗಿ ನಾವು ಬರೆಯಲು ಕುಳಿತಾಗ ನಮಗೆ ಅರಿವಿಲ್ಲದೆಯೇ ನೆನಪಿನ ಆ ಅಳತೆಯಲ್ಲಿ ಬರೆಯುತ್ತೇವೆ. ಇನ್ನೂ ಹುಟ್ಟದ ಕಾದಂಬರಿಯ ಸಾರಾಂಶವನ್ನು ಮೊದಲೇ ಬರೆದುಬಿಡುತ್ತೇವೆ. ನಿಮ್ಮ ನಲವತ್ತು ಪುಟ ಅಂಥದ್ದೇ ಇರಬೇಕೆಂದು ನನ್ನ ಊಹೆ. ಅದನ್ನು ಹರಿದು ಹಾಕಬೇಡಿ, ಮುಂದೆ ಬೇಕಾಗುತ್ತದೆ.

ಈಗ ಒಂದು ಕೆಲಸ ಮಾಡಿ. ನೀವು ಮೂರು ನಾಲ್ಕು ಸಲ ಓದಿ ಮೆಚ್ಚಿದ ಕಾದಂಬರಿಯಿಂದ ಒಂದೇ ಒಂದು ಅಧ್ಯಾಯವನ್ನು ಆರಿಸಿಕೊಂಡು, ಪ್ರತಿ ಪ್ಯಾರಾದಲ್ಲಿ ಕಥೆಯೊಳಗೆ ಎಷ್ಟು ಕಾಲ ಕಳೆಯಿತೆಂಬುದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸುತ್ತ ಹೋಗಿ: ‘ಎರಡು ನಿಮಿಷ’, ‘ಒಂದು ಸಂಜೆ’, ‘ಏಳು ವರ್ಷ’. ತಂದೆಮಗನ ದೊಡ್ಡ ಜಗಳವೆಂದು ನಾನು ವರ್ಷಗಟ್ಟಲೆ ನೆನಪಿಟ್ಟುಕೊಂಡಿದ್ದ ಒಂದು ಅಧ್ಯಾಯವನ್ನು ಹೀಗೆ ಗುರುತು ಹಾಕುತ್ತ ಓದಿದಾಗ, ಹದಿನೆಂಟು ಪುಟಗಳಲ್ಲಿ ಜಗಳಕ್ಕೆ ಸಿಕ್ಕಿದ್ದು ಒಂದೂವರೆ ಪುಟ ಮಾತ್ರ ಎಂದು ತಿಳಿದು ಬೆರಗಾಗಿದ್ದೆ. ಉಳಿದದ್ದೆಲ್ಲ ಆ ಮಧ್ಯಾಹ್ನ ಮಗ ಬರುವುದನ್ನು ತಂದೆ ಕಾಯುವ ಕಥೆ: ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕುತ್ತಾನೆ, ಕಾದದ್ದು ಗೊತ್ತಾಗಬಾರದೆಂದು ಮತ್ತೆ ಗೋಡೆಯ ಕಡೆಗೆ ತಿರುಗಿಸುತ್ತಾನೆ. ನನ್ನನ್ನು ಅಲುಗಾಡಿಸಿದ್ದು ಜಗಳವಲ್ಲ, ಆ ಕುರ್ಚಿ. ಮೂರು ಸಲ ಓದಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಈಗ ನಿಮ್ಮ ಅಕ್ಕತಂಗಿಯರ ಕಡೆಗೆ ಬನ್ನಿ. ‘ಅಂದಿನಿಂದ ಇಬ್ಬರೂ ಮಾತು ಬಿಟ್ಟರು’ ಎಂದು ನೀವು ಎಲ್ಲೋ ಒಂದು ಸಾಲು ಬರೆದಿರುತ್ತೀರಿ. ಆ ಸಾಲಿನ ಮರುದಿನ ಬೆಳಿಗ್ಗೆ ಒಂದೇ ಸೂರಿನ ಕೆಳಗೆ ಅವರಿಬ್ಬರೂ ಏನು ಮಾಡಿದರು? ಬಾಗಿಲು ಬಡಿದರೆ ಎದ್ದು ಹೋಗುವವರು ಯಾರು? ಅಕ್ಕನಿಗೆ ಬಂದ ಕಾಗದವನ್ನು ತಂಗಿ ಮೇಜಿನ ಮೇಲಿಟ್ಟು ಹೋಗುವಾಗ ವಿಳಾಸ ಕಾಣುವಂತೆ ಇಡುತ್ತಾಳೋ, ಮಗುಚಿ ಇಡುತ್ತಾಳೋ? ಆ ಒಂದು ಬೆಳಗಿಗೆ ಹತ್ತು ಪುಟ ಕೊಡಿ. ಹಾಗೆಂದು ಮೂವತ್ತು ವರ್ಷಗಳನ್ನೂ ಅದೇ ಹದದಲ್ಲಿ ಹಿಗ್ಗಿಸಲು ಹೋಗಬೇಡಿ. ಹನ್ನೆರಡು ವರ್ಷ ಒಂದೇ ವಾಕ್ಯದಲ್ಲಿ ಸರಿದುಹೋಗಬೇಕಾದ ಜಾಗವೂ ಬರುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ದಾಟಬೇಕು ಎಂಬುದನ್ನು ತೀರ್ಮಾನಿಸುವಾಗ ನಿಮ್ಮ ಓದು ನಿಜವಾಗಿ ಕೈಹಿಡಿಯುತ್ತದೆ, ಏಕೆಂದರೆ ಬೇಸರ ಬಂದು ಪುಟ ಹಾರಿಸಿದ ಅನುಭವ ನಿಮಗೆ ಸಾವಿರಾರು ಪುಟಗಳಷ್ಟಿದೆ.

ಇನ್ನು ವಾಕ್ಯಗಳು ಎರವಲಿನಂತೆ ಕಾಣುವ ಮಾತು. ನಾವು ಅತಿ ಹೆಚ್ಚು ಸಲ ಓದಿದ ನುಡಿಗಟ್ಟೇ ಮೊದಲು ಕೈಗೆ ಸಿಗುತ್ತದೆ. ಬರೆಯಲು ಆರಂಭಿಸಿದ ಎಲ್ಲರಿಗೂ ಹೀಗೆಯೇ. ಅದು ಎರವಲಿನದೆಂದು ನಿಮ್ಮ ಕಿವಿ ಥಟ್ಟನೆ ಹಿಡಿಯುತ್ತದಲ್ಲ, ಅದು ಓದು ಕೊಟ್ಟ ವರ. ಆದರೆ ಐವತ್ತು ವರ್ಷ ಪಳಗಿದ ಕಿವಿಯ ಎದುರು ಆರು ತಿಂಗಳ ಕೈ ಸೋಲದೆ ಇರುವುದಿಲ್ಲ. ಆದ್ದರಿಂದ ಮೊದಲ ಕರಡಿನಲ್ಲಿ ಅಂಥ ವಾಕ್ಯ ಬಂದಾಗ ಕೆಳಗೊಂದು ಗೆರೆ ಎಳೆದು ಮುಂದೆ ಹೋಗಿ, ತಿದ್ದಲು ನಿಲ್ಲಬೇಡಿ. ಅನುಕರಣೆಗೆ ನಾಚಿಕೊಳ್ಳಲೂ ಬೇಡಿ. ಮೆಚ್ಚಿದ ಗದ್ಯ ಕಣ್ಣಿಗೆ ಬಿದ್ದಾಗಲೆಲ್ಲ ಕುಳಿತು ಅದರಂತೆಯೇ ಬರೆಯಲು ಯತ್ನಿಸುತ್ತಿದ್ದೆ, ಸೋಲುತ್ತಿದ್ದೆ, ಮತ್ತೆ ಯತ್ನಿಸುತ್ತಿದ್ದೆ, ಬರೆಯಲು ಕಲಿಯುವ ದಾರಿಯೇ ಅದು ಎಂದು ರಾಬರ್ಟ್ ಲೂಯಿ ಸ್ಟೀವನ್‌ಸನ್ ತಮ್ಮ ಪ್ರಬಂಧವೊಂದರಲ್ಲಿ ಹೇಳಿಕೊಂಡಿದ್ದಾರೆ.

ವಯಸ್ಸಿನ ಬಗ್ಗೆ ನೀವು ಕೇಳಿಲ್ಲ. ಆದರೂ 54 ಎಂದು ಮೊದಲ ಸಾಲಿನಲ್ಲೇ ಬರೆದಿದ್ದೀರಿ. 1916ರಲ್ಲಿ ಹುಟ್ಟಿದ ಪೆನೆಲೊಪಿ ಫಿಟ್ಜ್‌ಜೆರಾಲ್ಡ್ ಅವರ ಮೊದಲ ಕಾದಂಬರಿ ಪ್ರಕಟವಾದದ್ದು 1977ರಲ್ಲಿ. ಅದಾದ ಎರಡೇ ವರ್ಷಕ್ಕೆ ಅವರಿಗೆ ಬೂಕರ್ ಪ್ರಶಸ್ತಿ ಬಂತು.

ಪ್ರಶ್ನೆ: ಕಾದಂಬರಿ ಬರೆಯುವ ಅವಧಿಯಲ್ಲಿ ಬೇರೆಯವರ ಕಾದಂಬರಿಗಳನ್ನು ಓದಬಾರದೆಂದು ಹೇಳುತ್ತಾರೆ. ಓದದೆ ಇರುವುದು ನನ್ನಿಂದ ಸಾಧ್ಯವಿಲ್ಲ. ಏನು ಮಾಡಲಿ?

ಉತ್ತರ: ಓದಿ. ಎರಡು ಪುಟ ಓದಿದರೆ ಸಾಕು, ದಿನವಿಡೀ ಅವರ ಧಾಟಿಯಲ್ಲೇ ಯೋಚಿಸುವಂತೆ ಮಾಡುವ ಒಬ್ಬಿಬ್ಬರು ಲೇಖಕರು ಎಲ್ಲರಿಗೂ ಇರುತ್ತಾರೆ. ಅವರನ್ನು ಮಾತ್ರ ಕರಡು ಮುಗಿಯುವವರೆಗೆ ಕಪಾಟಿನಲ್ಲಿಡಿ.

ಪ್ರಶ್ನೆ: ನನಗೆ ಉದ್ಯೋಗವಿದೆ, ಮನೆಯ ಹೊಣೆಯಿದೆ, ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಕಾದಂಬರಿ ಎಂದರೆ ಕನಿಷ್ಠ ಎಂಬತ್ತು ಸಾವಿರ ಪದ ಬೇಕೆಂದು ಓದಿ ಎದೆಗುಂದಿದ್ದೇನೆ. ಇಷ್ಟರಲ್ಲಿ ಆಗುತ್ತದೆಯೇ?

ಉತ್ತರ: ಎಂಬತ್ತು ಸಾವಿರ ಎಂಬುದು ಇಂಗ್ಲಿಷ್ ಪ್ರಕಾಶನದ ಲೆಕ್ಕ. ಕನ್ನಡದಲ್ಲಿ ವಿಭಕ್ತಿಯೂ ಒತ್ತು ಕೊಡುವ ‘ಏ’ ಎಂಬ ಅವಧಾರಣೆಯೂ ಪದಕ್ಕೇ ಅಂಟಿಕೊಳ್ಳುವುದರಿಂದ, ‘ಮನೆಯಲ್ಲಿಯೇ’ ಎಂದು ನಾವು ಒಂದು ಪದದಲ್ಲಿ ಹೇಳುವುದನ್ನು ಅವರು ನಾಲ್ಕು ಪದಗಳಲ್ಲಿ ಹೇಳುತ್ತಾರೆ. ಅದೇ ಕಥೆ ನಮ್ಮ ಭಾಷೆಯಲ್ಲಿ ಸಾಕಷ್ಟು ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ದಿನಕ್ಕೆ 250 ಪದದಂತೆ ವಾರಕ್ಕೆ ಐದು ದಿನ ಬರೆದರೂ ಐವತ್ತು ವಾರಗಳಲ್ಲಿ 62,500 ಪದಗಳಾಗುತ್ತವೆ. ಕನ್ನಡದಲ್ಲಿ ಅದು ತುಂಬು ಗಾತ್ರದ ಕಾದಂಬರಿಯೇ ಸರಿ.

ಅಂಚೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಕಚೇರಿಗೆ ಹೋಗುವ ಮುನ್ನ, ಬೆಳಗಿನ ಜಾವ ಎದ್ದು ಬರೆಯುತ್ತಿದ್ದರು. ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದೆನೆಂದು ಆತ್ಮಕಥೆಯಲ್ಲಿ ಹೇಳಿದ್ದಾರೆ. ಆ ವೇಗ ನನಗೂ ಬಾರದು, ನಿಮಗೂ ಬೇಡ. ನನಗೆ ಮುಖ್ಯವಾಗಿ ಕಂಡದ್ದು ಅದರ ಹಿಂದುಮುಂದೆಯೇ ಅವರು ಹೇಳುವ ಇನ್ನೊಂದು ಸಂಗತಿ: ಪ್ರತಿದಿನ ಮೊದಲ ಅರ್ಧ ಗಂಟೆ ಅವರು ಹಿಂದಿನ ದಿನ ಬರೆದದ್ದನ್ನು ಓದಿ, ಅದರ ನಾದವನ್ನು ಕಿವಿಯಲ್ಲಿ ತೂಗಿ ನೋಡುತ್ತಿದ್ದರು. ನಿಮ್ಮ ಒಂದು ಗಂಟೆಯಲ್ಲಿ ಹತ್ತು ನಿಮಿಷವನ್ನು ಅದಕ್ಕಾಗಿ ತೆಗೆದಿಡಿ. ನಿನ್ನೆಯ ಪುಟದ ದನಿ ಕಿವಿಗೆ ಬಿದ್ದರೆ ಇಂದಿನ ಮೊದಲ ವಾಕ್ಯಕ್ಕಾಗಿ ಹುಡುಕಾಡಬೇಕಾಗುವುದಿಲ್ಲ.

ಟೋನಿ ಮಾರಿಸನ್ ಅವರ ಮೊದಲ ಕಾದಂಬರಿ 1970ರಲ್ಲಿ ಬಂದಾಗ ಅವರಿಗೆ 39 ವರ್ಷ. ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯ ಕೆಲಸ, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ತಾನು ಓದಬೇಕೆಂದಿದ್ದ ಪುಸ್ತಕ ಎಲ್ಲಿಯೂ ಸಿಗದಿದ್ದುದರಿಂದ ಅದನ್ನು ಬರೆದೆನೆಂದು ಅವರು ಹಲವು ಬಾರಿ ಹೇಳಿದ್ದಾರೆ. ಸಮಯ ಸಾಲದೆ ಬೇಸರವಾದಾಗ ಈ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ: ಇಷ್ಟು ವರ್ಷಗಳ ಓದಿನಲ್ಲಿ ನಾನು ಹುಡುಕಿ ಕಾಣದೇ ಹೋದ ಮನುಷ್ಯರು ಯಾರು? ಉತ್ತರ ಸಿಕ್ಕಿದರೆ ಆ ಒಂದು ಗಂಟೆಯನ್ನು ನೀವು ಹೇಗಾದರೂ ಕಾಪಾಡಿಕೊಳ್ಳುತ್ತೀರಿ.

ಕರಡು ಮುಗಿದ ಮೇಲೆ ಕನಿಷ್ಠ ಒಂದು ತಿಂಗಳು ಅದನ್ನು ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ ತಿದ್ದಿ, ಇಬ್ಬರಿಗೆ ಮಾತ್ರ ಕೊಡಿ. ಅವರು ಲೇಖಕರಾಗಿರಬೇಕಿಲ್ಲ, ಓದಿನಲ್ಲಿ ಹಸಿವುಳ್ಳವರಾದರೆ ಸಾಕು. ಅಭಿಪ್ರಾಯ ಬರೆದುಕೊಡಿ ಎಂದು ಕೇಳಬೇಡಿ. ಎಲ್ಲಿ ಓದು ನಿಲ್ಲಿಸಿ ಬೇರೆ ಕೆಲಸಕ್ಕೆ ಎದ್ದರೋ ಅಲ್ಲಿ ಒಂದು ಗೆರೆ ಎಳೆದು, ಪ್ರತಿಯನ್ನು ಹಿಂದಿರುಗಿಸಲು ಹೇಳಿ.